ಆಪರೇಷನ್ ಇಲ್ಲದೆ ಹೊಟ್ಟೆ ಬೊಜ್ಜು ಇಳಿಸೋದು: ಯಾವುದು ಯಾರಿಗೆ ಸರಿ?

ಫ್ಯಾಟ್ ಫ್ರೀಜಿಂಗ್ ಒಳ್ಳೆಯದಾ, ಲೇಸರ್ ಒಳ್ಳೆಯದಾ, ವಾರಕ್ಕೊಂದು ಇಂಜೆಕ್ಷನ್ ತಗೊಂಡ್ರೆ ಸಾಕಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಹೊಟ್ಟೆ ಕೈಗೆ ಸಿಗುತ್ತಾ? ನೇರವಾಗಿ ನಿಂತು, ಹೊಕ್ಕುಳಿನ ಪಕ್ಕದಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ಎಳೆದು ನೋಡಿ. ಮೆತ್ತಗೆ, ದಪ್ಪ ಮಡಿಕೆಯಾಗಿ ಕೈಗೆ ಬಂದರೆ ಅದು ಚರ್ಮದ ಕೆಳಗಿನ ಕೊಬ್ಬು. ಹೊಟ್ಟೆ ಮುಂದೆ ಬಂದಿದೆ, ಆದರೆ ಮುಟ್ಟಿದರೆ ಬಿಗಿಯಾಗಿದೆ, ಬೆರಳಿಗೆ ಸಿಗುವುದು ತೆಳ್ಳಗಿನ ಪದರ ಮಾತ್ರ ಅನ್ನುವುದಾದರೆ ಕೊಬ್ಬು ಒಳಗೆ, ಕರುಳು ಮತ್ತು ಲಿವರ್ ಸುತ್ತ ಕೂತಿದೆ. ಗಂಡಸರಲ್ಲಿ ಈ ಎರಡನೆಯ ಥರ ಜಾಸ್ತಿ. ಹೆಂಗಸರಲ್ಲಿ ಮೊದಲನೆಯದು ಜಾಸ್ತಿ, ಮುಟ್ಟು ನಿಂತ ಮೇಲೆ ಎರಡನೆಯದೂ ಸೇರಿಕೊಳ್ಳುತ್ತದೆ. ಬಹಳ ಜನಕ್ಕೆ ಎರಡೂ ಇರುತ್ತದೆ.

ಕ್ಲಿನಿಕ್‌ಗಳಲ್ಲಿ ಬೊಜ್ಜು ಕರಗಿಸಲು ಇಟ್ಟಿರುವ ಮಷೀನ್‌ಗಳು, ತಣ್ಣಗಿನದೋ ಬಿಸಿಯದೋ, ಕೆಲಸ ಮಾಡುವುದು ಕೈಗೆ ಸಿಗುವ ಕೊಬ್ಬಿನ ಮೇಲೆ. ಒಳಗಿನ ಕೊಬ್ಬಿಗೆ ಅವು ಮದ್ದಲ್ಲ. ಶುಗರ್, ಬಿಪಿ, ಫ್ಯಾಟಿ ಲಿವರ್, ಹೃದಯದ ತೊಂದರೆ ತರುವುದು ಮುಖ್ಯವಾಗಿ ಆ ಒಳಗಿನದೇ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಬಿಗಿಯಾದ ಹೊಟ್ಟೆ ಇಟ್ಟುಕೊಂಡು ಆರು ಸಿಟ್ಟಿಂಗ್ ಪ್ಯಾಕೇಜಿಗೆ ಇಎಂಐ ಕಟ್ಟುವವರನ್ನು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಎರಡನೇ ಕೆಲಸ, ಟೇಪು ಹಿಡಿಯೋದು. ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆಯಬೇಡಿ, ಅದು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ನೋಡಿ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ ನೋಡಿ, ಎರಡರ ನಡುವೆ ಟೇಪು ಸುತ್ತಿ. ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿ ಇರಲಿ, ಚರ್ಮಕ್ಕೆ ತಾಗಲಿ ಆದರೆ ಒತ್ತದಿರಲಿ. ಮಾಮೂಲಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಭಾರತೀಯರಿಗೆ ಇಟ್ಟುಕೊಂಡಿರುವ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಯುರೋಪಿನವರಿಗೆ ಇಟ್ಟಿರುವ ಗಡಿಗಿಂತ ಇದು ಕಡಿಮೆ, ಯಾಕೆಂದರೆ ನಮ್ಮ ಮೈಕಟ್ಟಿನಲ್ಲಿ ಅದೇ ತೂಕಕ್ಕೆ ಕೊಬ್ಬು ಜಾಸ್ತಿ, ಅದರಲ್ಲೂ ಹೊಟ್ಟೆಯಲ್ಲಿ. ಪುಣೆಯ ಮಧುಮೇಹ ತಜ್ಞ ಡಾ. ಯಾಜ್ಞಿಕ್ ಇದನ್ನು ವರ್ಷಗಟ್ಟಲೆ ತೋರಿಸಿಕೊಟ್ಟಿದ್ದಾರೆ: ಕೈಕಾಲು ಸಣ್ಣ, ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು. ಅದಕ್ಕೇ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ ನಮಗೆ 23ಕ್ಕೇ ಜಾಸ್ತಿ ತೂಕ, 25ಕ್ಕೇ ಬೊಜ್ಜು ಅಂತ ಲೆಕ್ಕ.

ಇನ್ನೊಂದು ಮಾತು. ದೊಡ್ಡ ಹೊಟ್ಟೆಯೆಲ್ಲ ಬೊಜ್ಜಲ್ಲ. ಹೆರಿಗೆಯಾದ ಮೇಲೆ ಹೊಟ್ಟೆಯ ಮಧ್ಯದ ಸ್ನಾಯುಗಳು ಬೇರೆಯಾಗಿ ಹಾಗೇ ಉಳಿದುಬಿಟ್ಟಿರಬಹುದು. ಮಲಗಿ ತಲೆ ಎತ್ತಿದಾಗ ಮಧ್ಯದಲ್ಲಿ ಉದ್ದಕ್ಕೆ ಉಬ್ಬಿದರೆ ಅದು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸುವ ವಿಷಯ, ಕೊಬ್ಬು ಕರಗಿಸಿ ಸರಿಹೋಗುವುದಲ್ಲ. ಕೈಕಾಲು ಸಣ್ಣಗಾಗುತ್ತಾ ಹೊಟ್ಟೆ ಮಾತ್ರ ಕೆಲವೇ ವಾರಗಳಲ್ಲಿ ಉಬ್ಬಿದರೆ, ಒಂದೇ ಕಡೆ ಗಟ್ಟಿಯಾಗಿದ್ದರೆ, ಮುಟ್ಟಿನಲ್ಲಿ ಏರುಪೇರಾಗಿದ್ದರೆ ಮೊದಲು ಡಾಕ್ಟರ್, ಒಂದು ಸ್ಕ್ಯಾನಿಂಗ್. ನೀರು ತುಂಬಿದ್ದು, ಗರ್ಭಕೋಶದ ಗಡ್ಡೆ, ಅಂಡಾಶಯದ ಗಡ್ಡೆ, ಇವೆಲ್ಲ ಬೊಜ್ಜಿನ ಹಾಗೇ ಕಾಣುತ್ತವೆ.

ಫ್ಯಾಟ್ ಫ್ರೀಜಿಂಗ್

ಮಷೀನ್‌ಗಳ ಪೈಕಿ ಹೆಚ್ಚು ಅಧ್ಯಯನ ಆಗಿರುವುದು ಇದರ ಮೇಲೆ. ವೈದ್ಯರು ಕ್ರಯೋಲಿಪೊಲಿಸಿಸ್ ಅನ್ನುತ್ತಾರೆ, ಹೆಸರಾದ ಬ್ರ್ಯಾಂಡ್ ಕೂಲ್‌ಸ್ಕಲ್ಪ್ಟಿಂಗ್. ಇದರ ಹಿಂದಿನ ಕಥೆ ಚೆನ್ನಾಗಿದೆ. ಐಸ್‌ಕ್ಯಾಂಡಿ ಬಾಯಲ್ಲಿ ಇಟ್ಟುಕೊಂಡೇ ಇರುವ ಮಕ್ಕಳಿಗೆ ಕೆನ್ನೆಯ ಒಳಗಿನ ಕೊಬ್ಬು ಊದಿಕೊಳ್ಳುತ್ತದೆ ಅಂತ 1970ರಲ್ಲೇ ವೈದ್ಯರು ಬರೆದಿದ್ದರು. ಅಂದರೆ ಚರ್ಮ ತಡೆದುಕೊಳ್ಳುವ ಚಳಿಯನ್ನು ಕೊಬ್ಬಿನ ಕೋಶ ತಡೆದುಕೊಳ್ಳುವುದಿಲ್ಲ. ಇದೇ ಎಳೆ ಹಿಡಿದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಈ ವಿಧಾನ ಕಟ್ಟಿದರು. ಔಷಧ, ವೈದ್ಯಕೀಯ ಮಷೀನ್‌ಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕದ ಮಡಿಕೆಗೆ, 2012ರಲ್ಲಿ ಹೊಟ್ಟೆಗೆ ಒಪ್ಪಿಗೆ ಕೊಟ್ಟಿತು.

ಸಿಟ್ಟಿಂಗ್ ಹೇಗಿರುತ್ತದೆ ಅಂದರೆ, ಮೊದಲು ಚರ್ಮದ ಮೇಲೆ ಜೆಲ್ ಪ್ಯಾಡ್ ಹಾಸುತ್ತಾರೆ. ಅದರ ಮೇಲೆ ಬಟ್ಟಲಿನಂಥ ಅಪ್ಲಿಕೇಟರ್ ಇಟ್ಟು ಆನ್ ಮಾಡಿದರೆ ಹೊಟ್ಟೆಯ ಮಡಿಕೆಯನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚುಚ್ಚಿದ ಹಾಗೆ, ಉರಿದ ಹಾಗೆ ಆಗಿ ಆಮೇಲೆ ಮರಗಟ್ಟುತ್ತದೆ. ಮಷೀನ್ ನೋಡಿಕೊಂಡು 35 ನಿಮಿಷದಿಂದ ಒಂದು ಗಂಟೆ. ಬಟ್ಟಲು ತೆಗೆದಾಗ ಆ ಭಾಗ ಫ್ರಿಜ್‌ನಿಂದ ತೆಗೆದ ಬೆಣ್ಣೆಯ ಗಟ್ಟಿಯ ಹಾಗೆ ಎದ್ದು ನಿಂತಿರುತ್ತದೆ. ಅದನ್ನು ಎರಡು ನಿಮಿಷ ಗಟ್ಟಿಯಾಗಿ ಉಜ್ಜುತ್ತಾರೆ, ನಿಜವಾದ ನೋವು ಅಲ್ಲೇ. ನಂತರ ಕೆಂಪಾಗುವುದು, ಊತ, ಕೆಲವು ವಾರ ಸ್ಪರ್ಶ ಗೊತ್ತಾಗದಿರುವುದು ಮಾಮೂಲು.

ಸತ್ತ ಕೋಶಗಳನ್ನು ದೇಹ ನಿಧಾನಕ್ಕೆ ಸಾಗಿಸುತ್ತದೆ, ಹಾಗಾಗಿ ಫಲಿತಾಂಶಕ್ಕೆ ಎರಡು ಮೂರು ತಿಂಗಳು ಬೇಕು. ಒಂದು ಸಿಟ್ಟಿಂಗ್‌ಗೆ ಆ ಜಾಗದ ಕೊಬ್ಬಿನ ಪದರ ಸುಮಾರು 20ರಿಂದ 25 ಪರ್ಸೆಂಟ್ ತೆಳುವಾಗುತ್ತದೆ. 4 ಸೆಂಟಿಮೀಟರ್ ದಪ್ಪದ ಪದರ 3ಕ್ಕೆ ಬಂತು ಅಂದುಕೊಳ್ಳಿ, ಅಷ್ಟೇ. ತೂಕದ ಮಷೀನ್‌ನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ತೂಕ ಒಂದೇ ಮಟ್ಟದಲ್ಲಿ ನಿಂತಿದೆ, ಊಟ ಓಡಾಟ ಸರಿ ಇದೆ, ಆದರೂ ಕೆಳಹೊಟ್ಟೆಯಲ್ಲಿ ಒಂದು ಮಡಿಕೆ ಹೋಗ್ತಾ ಇಲ್ಲ ಅನ್ನುವವರಿಗೆ ಈ ಒಂದು ಸೆಂಟಿಮೀಟರ್ ನಿಜಕ್ಕೂ ದೊಡ್ಡದು. ಇಪ್ಪತ್ತು ಕೆಜಿ ಇಳಿಸಬೇಕಾದವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಉಳಿದ ಕೋಶಗಳು ಅಲ್ಲೇ ಇರುತ್ತವೆ, ತೂಕ ಏರಿದರೆ ಅವೇ ಉಬ್ಬುತ್ತವೆ.

ಅಪಾಯ ಇಲ್ಲವೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಪರೂಪಕ್ಕೆ ಕೊಬ್ಬು ಕರಗುವ ಬದಲು ಆ ಬಟ್ಟಲಿನ ಆಕಾರದಲ್ಲೇ ಗಟ್ಟಿಯಾಗಿ ಬೆಳೆದುಬಿಡುತ್ತದೆ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತು ಅಂತ 2021ರಲ್ಲಿ ಬಹಿರಂಗವಾಗಿ ಹೇಳಿ ಕೋರ್ಟಿಗೆ ಹೋದರು, ಮರುವರ್ಷ ಆ ಕೇಸು ರಾಜಿಯಾಯಿತು. ಇದು ತಾನಾಗಿ ಇಳಿಯುವುದಿಲ್ಲ, ಸರಿಮಾಡಲು ಸಾಮಾನ್ಯವಾಗಿ ಲೈಪೊಸಕ್ಷನ್ನೇ, ಅಂದರೆ ನಳಿಕೆ ಹಾಕಿ ಕೊಬ್ಬು ಹೀರಿ ತೆಗೆಯುವ ಆಪರೇಷನ್ನೇ ಬೇಕು. ಆಪರೇಷನ್ ಬೇಡ ಅಂತ ಹೋದವರು ಕೊನೆಗೆ ಆಪರೇಷನ್ ಟೇಬಲ್ ಮೇಲೆ. ಕಂಪನಿ ಮೊದಲು ಹೇಳಿದ್ದಕ್ಕಿಂತ ಇದು ಜಾಸ್ತಿ ಅಂತ ಆಮೇಲಿನ ಅಧ್ಯಯನಗಳಲ್ಲಿ ಕಂಡಿದೆ. ಜೆಲ್ ಪ್ಯಾಡ್ ಸರಿಯಾಗಿ ಕೂರದಿದ್ದರೆ, ಕಡಿಮೆ ಬೆಲೆಯ ನಕಲಿ ಮಷೀನ್ ಆದರೆ ಚರ್ಮ ಚಳಿಗೆ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ನಮ್ಮ ಚರ್ಮಕ್ಕೆ ಆ ಕಲೆ ಬೇಗ ಹೋಗುವುದಿಲ್ಲ. ಹೊಕ್ಕುಳ ಹತ್ತಿರ ಹರ್ನಿಯಾ ಇದ್ದವರು, ಗರ್ಭಿಣಿಯರು, ಚಳಿಗೆ ರಕ್ತದಲ್ಲಿ ತೊಂದರೆಯಾಗುವ ಕಾಯಿಲೆ ಇರುವವರು ಇದರ ಹತ್ತಿರ ಹೋಗಬಾರದು.

ಬಿಸಿಯ ಮಷೀನ್‌ಗಳು, ಸ್ನಾಯುವಿನ ಮಷೀನ್

ಲೇಸರ್, ರೇಡಿಯೋ ಫ್ರೀಕ್ವೆನ್ಸಿ, ಅಲ್ಟ್ರಾಸೌಂಡ್ ಮೂರೂ ಕೊಬ್ಬನ್ನು ಬಿಸಿ ಮಾಡಿ ಸಾಯಿಸುತ್ತವೆ. ಸ್ಕಲ್ಪ್‌ಶ್ಯೂರ್ ಅನ್ನುವ ಲೇಸರ್‌ಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ, ಒಂದು ಸಿಟ್ಟಿಂಗ್ 25 ನಿಮಿಷ. ಕಾಯಬೇಕಾದ ಸಮಯ ಫ್ರೀಜಿಂಗ್‌ನಷ್ಟೇ, ಇಳಿಯುವುದೂ ಹೆಚ್ಚು ಕಡಿಮೆ ಅಷ್ಟೇ. ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಚರ್ಮ ಸ್ವಲ್ಪ ಬಿಗಿಯಾಗುವುದು ಒಂದು ಲಾಭ, ಹೆರಿಗೆ ನಂತರ ಸಡಿಲ ಚರ್ಮ ಇರುವವರು ಈ ಕಡೆ ನೋಡಬಹುದು. ಆದರೆ ಹಲವು ಸಿಟ್ಟಿಂಗ್ ಬೇಕು. ಫ್ರೀಜಿಂಗ್‌ಗೂ ಇದಕ್ಕೂ ನಡುವೆ ಆರಿಸುವಾಗ ಮಷೀನಿನ ಹೆಸರಿಗಿಂತ ಅದನ್ನು ಓಡಿಸುವವರ ಅನುಭವ ನೋಡಿ ಅನ್ನುತ್ತೇನೆ.

ಎಮ್‌ಸ್ಕಲ್ಪ್ಟ್ ಬೇರೆ ಜಾತಿ. ಅಯಸ್ಕಾಂತದ ಶಕ್ತಿಯಿಂದ ಹೊಟ್ಟೆಯ ಸ್ನಾಯುಗಳನ್ನು ಹಿಂಡಿಸುತ್ತದೆ, ಅರ್ಧ ಗಂಟೆಯಲ್ಲಿ ಸುಮಾರು 20,000 ಸಲ ಅಂತ ಕಂಪನಿಯ ಲೆಕ್ಕ. ಸ್ನಾಯು ಗಟ್ಟಿಯಾಗುವುದು ನಿಜ. ಈಗಾಗಲೇ ತೆಳ್ಳಗಿದ್ದು, ಹೊಟ್ಟೆ ಬಿಗಿಯಾಗಬೇಕು ಅನ್ನುವವರಿಗೆ ಸರಿ. ಕೊಬ್ಬಿನ ಪದರ ದಪ್ಪ ಇದ್ದರೆ ಆ ಸ್ನಾಯು ಕಾಣುವುದಾದರೂ ಎಲ್ಲಿ? ಮಾಡುವುದು ಬಿಟ್ಟರೆ ಸ್ನಾಯು ಮತ್ತೆ ಮೊದಲಿನಂತೆ ಆಗುತ್ತದೆ, ಜಿಮ್ ಬಿಟ್ಟಾಗ ಆಗುವಂತೆಯೇ. ಪೇಸ್‌ಮೇಕರ್, ಮೈಯೊಳಗೆ ಲೋಹ ಇರುವವರಿಗೆ ಇದು ಬೇಡ. ಕಾಪರ್-ಟಿ ಕೂಡ ಲೋಹವೇ, ಅದನ್ನು ಹಾಕಿಸಿಕೊಂಡಿರುವವರು ಅವರು ಕೇಳದಿದ್ದರೂ ನೀವೇ ಹೇಳಬೇಕು.

ಚುಚ್ಚಿ ಕರಗಿಸುವ ಇಂಜೆಕ್ಷನ್

ಇದನ್ನು ವಾರದ ಇಂಜೆಕ್ಷನ್ ಜೊತೆ ಕಲಸಿಕೊಳ್ಳಬೇಡಿ. ಇದು ಕೊಬ್ಬಿರುವ ಜಾಗಕ್ಕೇ ಚುಚ್ಚುವುದು. ಡಿಆಕ್ಸಿಕೋಲಿಕ್ ಆಸಿಡ್ ಅನ್ನುವ ಔಷಧಕ್ಕೆ 2015ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ, ಹೊಟ್ಟೆಗಲ್ಲ. ಲಿಪೊ ಡಿಸಾಲ್ವ್, ಮೀಸೋಥೆರಪಿ ಅಂತೆಲ್ಲ ಹೆಸರಿಟ್ಟು ಹೊಟ್ಟೆಗೆ ಚುಚ್ಚುವ ಮಿಶ್ರಣಗಳಿಂದ ಸೋಂಕು, ಗಂಟು, ಗುಳಿ, ಕಾಯಂ ಕಲೆ ಆದವರಿದ್ದಾರೆ ಅಂತ ಅದೇ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ನನ್ನ ಸಲಹೆ ನೇರ: ಹೊಟ್ಟೆಗೆ ಇದು ಬೇಡ. ಬ್ಯೂಟಿ ಪಾರ್ಲರ್‌ನಲ್ಲಂತೂ ಬೇಡವೇ ಬೇಡ.

ವಾರದ ಇಂಜೆಕ್ಷನ್

ಈಗ ಎಲ್ಲರ ಬಾಯಲ್ಲಿರುವುದು ಇದೇ ಅಲ್ವಾ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಹೆಸರಲ್ಲಿ, ಸೆಮಾಗ್ಲುಟೈಡ್ ಅದೇ ವರ್ಷ ಜೂನ್‌ನಲ್ಲಿ ವೆಗೋವಿ ಹೆಸರಲ್ಲಿ ಭಾರತಕ್ಕೆ ಬಂದವು. ಹಸಿವು ಕಡಿಮೆ ಮಾಡುತ್ತವೆ, ಹೊಟ್ಟೆ ತುಂಬಿದ ಭಾವ ಬೇಗ ಬರುತ್ತದೆ. ಇಳಿಯುವುದು ಇಡೀ ಮೈ ತೂಕ, ಅದರ ಜೊತೆ ಒಳಗಿನ ಕೊಬ್ಬೂ ಇಳಿಯುತ್ತದೆ. ದೊಡ್ಡ ಅಧ್ಯಯನಗಳಲ್ಲಿ ಸೆಮಾಗ್ಲುಟೈಡ್‌ನಿಂದ 68 ವಾರದಲ್ಲಿ ಸರಾಸರಿ ಸುಮಾರು 15 ಪರ್ಸೆಂಟ್, ಟಿರ್ಜೆಪಟೈಡ್‌ನ ದೊಡ್ಡ ಡೋಸ್‌ನಿಂದ 72 ವಾರದಲ್ಲಿ ಸುಮಾರು 21 ಪರ್ಸೆಂಟ್ ತೂಕ ಇಳಿದಿದೆ. ಯಾವ ಮಷೀನೂ ಇದರ ಹತ್ತಿರ ಬರುವುದಿಲ್ಲ. ಬಿಗಿ ಹೊಟ್ಟೆ, ಶುಗರ್, ಬಿಪಿ, ಬಿಎಂಐ ಮೂವತ್ತರ ಆಸುಪಾಸು ಅಂದರೆ ಸ್ಕಿನ್ ಕ್ಲಿನಿಕ್‌ಗೆ ಹೋಗುವ ದುಡ್ಡಲ್ಲಿ ಎಂಡೋಕ್ರೈನಾಲಜಿಸ್ಟ್ (ಶುಗರ್, ಹಾರ್ಮೋನ್ ತಜ್ಞರು) ಹತ್ತಿರ ಹೋಗಿ.

ಆದರೆ ಬಿಟ್ಟರೆ ವಾಪಸ್ ಬರುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ನೋಡಿದಾಗ ಇಳಿದ ತೂಕದ ಮೂರನೇ ಎರಡು ಭಾಗ ಮತ್ತೆ ಏರಿತ್ತು. ಹಾಗಾಗಿ ಮೂರು ತಿಂಗಳು ತಗೊಂಡು ಮದುವೆ ಫೋಟೋ ಮುಗಿದ ಮೇಲೆ ಬಿಡ್ತೀನಿ ಅನ್ನುವ ಲೆಕ್ಕಕ್ಕೆ ಇದು ಸರಿಹೋಗುವುದಿಲ್ಲ. ಬಿಡುಗಡೆಯಾದಾಗ ಮೌಂಜಾರೊ 2.5 ಮಿಲಿಗ್ರಾಂ ವಯಲ್‌ನ ಬೆಲೆ 3,500 ರೂಪಾಯಿ, 5 ಮಿಲಿಗ್ರಾಂನದು 4,375 ಇತ್ತು, ಅದೂ ವಾರಕ್ಕೊಂದು. ತಿಂಗಳ ಲೆಕ್ಕ ಹಾಕಿ, ವರ್ಷಕ್ಕೆ ಗುಣಿಸಿ, ಆಮೇಲೆ ತೀರ್ಮಾನಿಸಿ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಪ್ಯಾಂಕ್ರಿಯಾಸ್ ಊತ ಅಪರೂಪಕ್ಕೆ. ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದರೆ, ಮಗು ಬೇಕು ಅಂತ ಯೋಚಿಸುತ್ತಿದ್ದರೆ ಇದು ನಿಮಗಲ್ಲ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದಕ್ಕೆ ಊಟದಲ್ಲಿ ಪ್ರೋಟೀನ್, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕೇ ಬೇಕು. ಪರಿಚಯದವರ ಇಂಜೆಕ್ಷನ್ ಪೆನ್ನಿನಿಂದ ಒಂದು ಡೋಸ್ ಹಾಕಿಕೊಳ್ಳುವುದು, ಡಾಕ್ಟರ್ ಚೀಟಿ ಇಲ್ಲದೆ ತರಿಸುವುದು ಎಲ್ಲ ನಡೆಯುತ್ತಿದೆ. ದಯವಿಟ್ಟು ಮಾಡಬೇಡಿ.

ಊಟ, ನಡಿಗೆ

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಮೊದಲು ಹೇಳಿದರೆ ಜನ ಮುಂದೆ ಓದುವುದಿಲ್ಲ. ಆದರೆ ಒಳಗಿನ ಕೊಬ್ಬಿಗೆ ದುಡ್ಡಿಲ್ಲದೆ ಸಿಗುವ ಮದ್ದು ಇದೇ. ತೂಕ ಇಳಿಯಲು ಶುರುವಾದಾಗ ಒಳಗಿನದು ಬೇಗ ಕರಗುತ್ತದೆ, ಚರ್ಮದ ಕೆಳಗಿನದು ಹಟ ಮಾಡುತ್ತದೆ. ಹಾಗಾಗಿ ಎಂಬತ್ತು ಕೆಜಿ ಇರುವವರು ಐದಾರು ಕೆಜಿ ಇಳಿಸಿ ಕನ್ನಡಿ ಮುಂದೆ ನಿಂತು ಏನೂ ಬದಲಾಗಿಲ್ಲ ಅಂದುಕೊಂಡರೂ ಒಳಗೆ ಲಿವರ್ ಹಗುರ ಆಗಿರುತ್ತದೆ. ಫ್ಯಾಟಿ ಲಿವರ್‌ಗೆ ತೂಕದ 7ರಿಂದ 10 ಪರ್ಸೆಂಟ್ ಇಳಿಸಿ ಅಂತ ವೈದ್ಯರು ಹೇಳುವುದು ಇದಕ್ಕೇ. ಕ್ರಂಚಸ್ (ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡಿದರೆ ಹೊಟ್ಟೆಯದೇ ಕರಗುತ್ತದೆ ಅನ್ನುವುದು ಮಾತ್ರ ಸುಳ್ಳು. ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಕೊಬ್ಬು ಹಾಗೇ ಇರುತ್ತದೆ.

ಭಾರತೀಯರ ಊಟದಲ್ಲಿ ಸುಮಾರು 62 ಪರ್ಸೆಂಟ್ ಶಕ್ತಿ ಅಕ್ಕಿ, ಗೋಧಿ, ಸಕ್ಕರೆಯಂಥ ಕಾರ್ಬೋಹೈಡ್ರೇಟ್‌ನಿಂದ ಬರುತ್ತದೆ ಅಂತ ಮಧುಮೇಹದ ಬಗ್ಗೆ ದೇಶದಾದ್ಯಂತ ನಡೆದ ಐಸಿಎಂಆರ್-ಇಂಡಿಯಾಬ್ ಅಧ್ಯಯನ 2025ರಲ್ಲಿ ತೋರಿಸಿತು. ನಮ್ಮ ತಟ್ಟೆ ನೋಡಿ. ಬೆಳಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಮತ್ತೆ ಅನ್ನ ಮೊಸರು, ಸಂಜೆ ಕಾಫಿ ಜೊತೆ ನಿಪ್ಪಟ್ಟು, ರಾತ್ರಿ ಚಪಾತಿ, ಅದರ ಮೇಲೂ ಸ್ವಲ್ಪ ಅನ್ನ. ಅಕ್ಕಿ ಬಿಟ್ಟು ರಾಗಿಗೆ ಹೋದರೆ ಆಯಿತು ಅಂತ ಎರಡು ದೊಡ್ಡ ಮುದ್ದೆ ನುಂಗಿದರೂ ಲೆಕ್ಕ ಅದೇ. ಅನ್ನ ಅರ್ಧ ಮಾಡಿ. ಆ ಜಾಗಕ್ಕೆ ಹುರುಳಿಕಾಳಿನ ಉಸಲಿ, ಮೊಳಕೆ ಕಾಳಿನ ಪಲ್ಯ, ಮೊಟ್ಟೆ, ಮೀನು, ಸೊಪ್ಪು, ತಿನ್ನುವುದು ಏನೋ ಅದು. ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ, ಒಗ್ಗರಣೆಗೆ ಕ್ಯಾನ್‌ನಿಂದ ಸುರಿಯುವುದನ್ನು ಬಿಟ್ಟು ಅಳತೆ ಹಿಡಿಯಿರಿ. ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು ಅನ್ನುವ ವೇಗದಲ್ಲಿ ನಡೆಯಿರಿ. ನಿದ್ದೆ, ಕುಡಿತ ಎರಡೂ ಸೊಂಟದ ಮೇಲೆ ಕಾಣುತ್ತವೆ.

ದುಡ್ಡು ಹಾಳು ಮಾಡುವವು

ಟಿವಿಯಲ್ಲಿ ಬರುವ ಬೆವರಿನ ಬೆಲ್ಟ್ ಕಟ್ಟಿಕೊಂಡರೆ ಹೋಗುವುದು ನೀರು, ಊಟ ಮಾಡಿ ನೀರು ಕುಡಿದರೆ ಅದು ವಾಪಸ್. ಜೀರಿಗೆ ನೀರು, ಗ್ರೀನ್ ಟೀ ಇಷ್ಟ ಇದ್ದರೆ ಕುಡಿಯಿರಿ, ಸಕ್ಕರೆ ಕಾಫಿಯ ಬದಲು ಆದರೆ ಒಳ್ಳೆಯದೇ, ಅದರಾಚೆಗೆ ಏನೂ ಕಾಯಬೇಡಿ. ಹುರುಳಿ ಪುಡಿ ಹಾಕಿ ಉಜ್ಜುವ ಉದ್ವರ್ತನ ಮೈಗೆ ಹಿತ. ಅಷ್ಟಕ್ಕೇ ಹೊಟ್ಟೆ ಕರಗುತ್ತದೆ ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಅಳೆದು ಬರೆದದ್ದು ತೋರಿಸಿ ಅನ್ನಿ.

ಗಾರ್ಸೀನಿಯಾ ಮಾತ್ರೆಗಳ ಬಗ್ಗೆ ನನಗೆ ಜಾಸ್ತಿ ಬೇಸರ, ಯಾಕೆಂದರೆ ಅದು ನಮ್ಮ ಮಲೆನಾಡಿನ ಉಪ್ಪಾಗೆ. ಶಿರಸಿ ಕಡೆಯ ಕಾಡಿನಿಂದ ಸಿಪ್ಪೆ ಆರಿಸಿ ಒಣಗಿಸುತ್ತಾರೆ, ಕೊಡಗಿನಲ್ಲಿ ಇದರ ರಸ ಕುದಿಸಿ ಕಾಚಂಪುಳಿ ಮಾಡುತ್ತಾರೆ. ಅಡುಗೆಗೆ ಅದ್ಭುತ. ಅದರ ಸಾರ ತೆಗೆದು ತೂಕ ಇಳಿಸುವ ಮಾತ್ರೆ ಮಾಡಿದಾಗ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದರು, ಔಷಧವೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗೂ ಇದನ್ನು ತಿಂದವರಿಗೂ ವ್ಯತ್ಯಾಸ ಸಿಗಲಿಲ್ಲ. ಇದರಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಇನ್ನು ಹರ್ಬಲ್ ಅಂತ ಮಾರುವ ಕೆಲವು ಪುಡಿಗಳಲ್ಲಿ ಸಿಬುಟ್ರಮಿನ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಹೃದಯಕ್ಕೆ ಅಪಾಯ ಅಂತ ಭಾರತ 2011ರಲ್ಲೇ ನಿಷೇಧಿಸಿದ ಔಷಧ ಅದು. ಯಾವುದೋ ಪುಡಿ ತಿಂದು ಹಸಿವೇ ಸತ್ತುಹೋಗಿ ಎದೆ ಡವಡವ ಅಂದರೆ ಅಲ್ಲಿಗೇ ನಿಲ್ಲಿಸಿ.

ಹಾಗಾದರೆ ಯಾರಿಗೆ ಯಾವುದು

ಸುತ್ತಳತೆ ಗಡಿಯ ಒಳಗೆ, ಮಡಿಕೆ ಕೈಗೆ ಸಿಗುತ್ತದೆ, ತೂಕ ಆರು ತಿಂಗಳಿಂದ ಸ್ಥಿರ ಅಂದರೆ ಫ್ರೀಜಿಂಗ್ ಅಥವಾ ಬಿಸಿಯ ಮಷೀನ್ ಯೋಚಿಸಬಹುದು, ಮಾಡಿಸದಿದ್ದರೂ ಆರೋಗ್ಯಕ್ಕೆ ನಷ್ಟವಿಲ್ಲ. ಸುತ್ತಳತೆ ಗಡಿ ದಾಟಿದೆ, ಹೊಟ್ಟೆ ಬಿಗಿ, ರಿಪೋರ್ಟ್‌ಗಳು ಸರಿ ಇವೆ ಅಂದರೆ ಆರು ತಿಂಗಳು ಊಟ, ನಡಿಗೆ, ಭಾರ ಎತ್ತುವುದು. ರಿಪೋರ್ಟ್‌ಗಳೂ ಕೆಟ್ಟಿವೆ ಅಂದರೆ ಅದರ ಜೊತೆಗೆ ಔಷಧದ ಮಾತು ಡಾಕ್ಟರ್ ಹತ್ತಿರ. ಮೇಲಿನ ಕೊಬ್ಬು ತೆಗೆಸಿದರೆ ಶುಗರ್ ಸರಿಹೋಗುತ್ತದೆ ಅನ್ನುವ ಆಸೆ ಬಿಡಿ. 2004ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ತಂಡ 15 ಮಹಿಳೆಯರಿಗೆ ಲೈಪೊಸಕ್ಷನ್‌ನಲ್ಲಿ ಕೆಜಿಗಟ್ಟಲೆ ಹೊಟ್ಟೆ ಕೊಬ್ಬು ತೆಗೆಸಿ ಹತ್ತು ಹನ್ನೆರಡು ವಾರ ಬಿಟ್ಟು ನೋಡಿದಾಗ ಇನ್ಸುಲಿನ್, ಬಿಪಿ ಯಾವುದೂ ಸುಧಾರಿಸಿರಲಿಲ್ಲ.

2022ರ ಮೇನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಬೊಜ್ಜು ತೆಗೆಸುವ ಆಪರೇಷನ್ ನಂತರ ತೀರಿಕೊಂಡ ಸುದ್ದಿ ನೆನಪಿರಬಹುದು. ಅದಾದ ಮೇಲೆ ಆಪರೇಷನ್ ಬೇಡ, ಮಷೀನ್ ಸಾಕು ಅನ್ನುವವರು ಸಿಗುತ್ತಾರೆ. ಭಯ ಅರ್ಥವಾಗುತ್ತದೆ. ಆದರೆ ಮಷೀನ್‌ಗೆ ಹೋಗುವಾಗಲೂ ಅಷ್ಟೇ ಜಾಗ್ರತೆ ಬೇಕು. ಕರ್ನಾಟಕದಲ್ಲಾದರೆ ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಸರ್ಕಾರಿ ನೋಂದಣಿ) ಪತ್ರ ಇದೆಯಾ ನೋಡಿ. ಮಷೀನಿನ ಬ್ರ್ಯಾಂಡ್, ಮಾಡೆಲ್ ಬರೆದುಕೊಡಿ ಅನ್ನಿ. ಅಪ್ಲಿಕೇಟರ್ ಇಡುವವರು ಯಾರು, ಆ ಹೊತ್ತಿಗೆ ಡಾಕ್ಟರ್ ಅಲ್ಲೇ ಇರುತ್ತಾರಾ, ಸುಟ್ಟರೆ ಅಥವಾ ಗಟ್ಟಿಯಾಗಿ ಬೆಳೆದರೆ ಮುಂದಿನ ಖರ್ಚು ಯಾರದು ಅಂತ ಕೇಳಿ. ಬೆಲೆ ಇಡೀ ಹೊಟ್ಟೆಗಾ, ಒಂದು ಅಪ್ಲಿಕೇಟರ್‌ಗಾ ಅನ್ನುವುದು ಬಿಲ್ಲಿನಲ್ಲಿ ಬರಲಿ, ಹೊಟ್ಟೆಗೆ ಎರಡು ಮೂರು ಅಪ್ಲಿಕೇಟರ್ ಬೇಕಾಗುವುದು ಉಂಟು. ಮೊದಲು ಒಂದೇ ಸಿಟ್ಟಿಂಗ್‌ಗೆ ದುಡ್ಡು ಕೊಟ್ಟು ಮೂರು ತಿಂಗಳು ಕಾದು ನೋಡಿ. ಅವತ್ತೇ ಸೇರಿದರೆ ಮಾತ್ರ ಡಿಸ್ಕೌಂಟ್ ಅಂದರೆ ಎದ್ದು ಬನ್ನಿ. ಇಂಚ್ ಲಾಸ್ ಆಯಿತು ಅಂತ ಅವರು ಟೇಪು ಹಿಡಿದು ತೋರಿಸುವುದನ್ನು ಲೆಕ್ಕಕ್ಕೆ ತಗೊಳ್ಳಬೇಡಿ, ಟೇಪು ಎರಡು ಬೆರಳು ಮೇಲೆ ಹೋದರೆ ಅಳತೆ ಬದಲಾಗುತ್ತದೆ. ಮನೆಯಲ್ಲಿ, ಬೆಳಗ್ಗೆ, ಬರಿ ಹೊಟ್ಟೆಯಲ್ಲಿ, ಅದೇ ಟೇಪಿನಲ್ಲಿ ಅದೇ ಜಾಗದಲ್ಲಿ ನೀವೇ ಅಳೆದು ತಾರೀಕು ಸಮೇತ ಬರೆದಿಟ್ಟುಕೊಂಡಿರಿ.